ಹಕ್ಕಿಗೆ ‘ಅಲುಗಾಡಬೇಡಿ’ ಅಂದವನು

“ಇವತ್ತು ಒಂದು ಹಕ್ಕಿಯ ಫೋಟೋ ತೆಗೆದೇ ತೀರುತ್ತೇನೆ! ಇಲ್ಲದಿದ್ದರೆ ಈ ಕ್ಯಾಮೆರಾ ಅಟ್ಟಕ್ಕೆ, ನಾನು ಈ ಕುರ್ಚಿಗೆ! ಇನ್ನು ಈ ಜನ್ಮದಲ್ಲಿ ಕ್ಯಾಮೆರಾ ಮುಟ್ಟಿದರೆ ಕೇಳು!”

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎದ್ದವನೇ ನಾನು ಮಾಡಿದ ಭೀಷಣ ಪ್ರತಿಜ್ಞೆ ಇದು. ಅದನ್ನು ಕೇಳಲು ತುಂಬಿದ ಸಭೆಯೇನೂ ಇರಲಿಲ್ಲ. ಇದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳು ತಟ್ಟೆ ಎತ್ತುತ್ತಾ ಹೇಳಿದಳು:

“ಮೊದಲು ಕೈ ತೊಳ್ಕೊಂಡು ಬನ್ನಿ. ಆಮೇಲೆ ಪ್ರತಿಜ್ಞೆ ಮಾಡಿ. ಲೆನ್ಸಿಗೆ ಎಣ್ಣೆ ಹತ್ತುತ್ತೆ.”

ಓದುಗರೇ, ನನ್ನನ್ನು ಯಾವನೋ ಹೊಸ ಹವ್ಯಾಸಿ ಅಂದುಕೊಳ್ಳಬೇಡಿ. ಮೂವತ್ತೊಂದು ವರ್ಷ ಸ್ಟುಡಿಯೋ ನಡೆಸಿದ ಕೈ ಇದು! ಊರಿನ ಅರ್ಧ ಜನ ನನ್ನ ಸ್ಟೂಲಿನ ಮೇಲೆ ಕೂತು ಎದ್ದವರು. ಉಳಿದರ್ಧ ಜನ ಕೂತು, ಫೋಟೋ ನೋಡಿ, ‘ಇದು ನಾನಲ್ಲ’ ಅಂದವರು. ಗೋಡೆಗೆ ಒಂದು ಕನ್ನಡಿ, ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಗೆ, ಪಕ್ಕದಲ್ಲಿ ಪೌಡರ್ ಡಬ್ಬಿ. ಹಿಂದಿನ ಪರದೆಯ ಮೇಲೆ ಒಂದು ಭವ್ಯವಾದ ಮೆಟ್ಟಿಲು. ಅದು ಎಲ್ಲಿಗೂ ಹೋಗುತ್ತಿರಲಿಲ್ಲ, ಆದರೂ ಎಲ್ಲರಿಗೂ ಅದರ ಮುಂದೆಯೇ ನಿಲ್ಲುವ ಆಸೆ. ಇನ್ನು ಗೂಟಕ್ಕೆ ನೇತುಹಾಕಿದ್ದ ಆ ಕರೀ ಕೋಟು! ಕೆಲಸಕ್ಕೆ ಅರ್ಜಿ ಹಾಕುವ ಪ್ರತಿಯೊಬ್ಬನೂ ಅದೇ ಕೋಟು ತೊಟ್ಟು ಫೋಟೋ ತೆಗೆಸಿಕೊಂಡ. ತೆಳ್ಳಗಿನವರಿಗೆ ಬೆನ್ನ ಹಿಂದೆ ನಾಲ್ಕು ಬಟ್ಟೆ ಕ್ಲಿಪ್ಪು, ದಪ್ಪಗಿನವರಿಗೆ ಮುಂದೆ ಗುಂಡಿ ಹಾಕುವ ತಂಟೆಯೇ ಇಲ್ಲ. ಈ ಊರಿನ ಯಾವ ಕಚೇರಿಗೆ ಹೋಗಿ ಹಳೆಯ ಕಡತ ತೆಗೆದರೂ ಮುಖ ಬೇರೆ ಬೇರೆ, ಕೋಟು ಒಂದೇ!

ಕ್ಯಾಮೆರಾ ಹಿಂದೆ ನಾನು, ನನ್ನ ಹಿಂದೆ ಹೆಂಡತಿ. ಕತ್ತಲೆ ಕೋಣೆಯ ಕೆಂಪು ಬಲ್ಬಿನ ಕೆಳಗೆ ತಟ್ಟೆಯ ದ್ರಾವಣದಲ್ಲಿ ಕಾಗದ ಅದ್ದುತ್ತಿದ್ದವಳು ಅವಳು. ಬಿಳೀ ಕಾಗದದ ಮೇಲೆ ಮೊದಲು ಹುಬ್ಬು, ಆಮೇಲೆ ಮೀಸೆ, ಆಮೇಲೆ ಒಂದು ಇಡೀ ಮನುಷ್ಯ ಮೂಡಿ ಬರುವುದನ್ನು ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನೋಡುತ್ತಿದ್ದೆವು. ಸಾವಿರ ಸಲ ನೋಡಿದರೂ ಬೇಸರ ಬರಲಿಲ್ಲ.

ಆಮೇಲೆ ಜನರ ಜೇಬಿಗೆಲ್ಲ ಕ್ಯಾಮೆರಾ ಬಂತು. ತಮ್ಮ ಮುಖ ತಾವೇ ತೆಗೆದುಕೊಳ್ಳತೊಡಗಿದರು. ಎರಡು ವರ್ಷದ ಹಿಂದೆ ನಾನು ಸ್ಟುಡಿಯೋಗೆ ಬೀಗ ಹಾಕಿದೆ. ಅಪ್ಪ ಗೋಡೆ ನೋಡುತ್ತಾ ಕೂರುವುದನ್ನು ಕಂಡು ಮಗಳು ಮೊಣಕೈಯುದ್ದದ ಲೆನ್ಸಿರುವ ಹೊಸ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಳು. “ಅಪ್ಪ, ಹೊರಗೆ ಹೋಗಿ. ಹಕ್ಕಿಗಿಕ್ಕಿ ತೆಗೀರಿ” ಅಂದಳು. ನಾನು ಊರಿನ ಹಕ್ಕಿ ಬಳಗ ಸೇರಿದೆ.

ಬಳಗದ ಮುಖ್ಯಸ್ಥರು ಹಲ್ಲಿನ ಡಾಕ್ಟರು. ವಾರದ ಆರು ದಿನ “ಬಾಯಿ ತೆಗೀರಿ” ಎನ್ನುವ ಮನುಷ್ಯ, ಏಳನೆಯ ದಿನ ಕೆರೆ ದಾರಿಯಲ್ಲಿ ನಮಗೆಲ್ಲ “ಬಾಯಿ ಮುಚ್ಚಿ” ಎನ್ನುತ್ತಾರೆ. ಎರಡನ್ನೂ ಅಷ್ಟೇ ಅಧಿಕಾರದಿಂದ!

ಮೂರು ತಿಂಗಳಾಯಿತು, ನನಗೆ ಒಂದು ಹಕ್ಕಿಯೂ ಸಿಕ್ಕಿರಲಿಲ್ಲ. ಕಾರಣ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಮೂವತ್ತೊಂದು ವರ್ಷ ಕ್ಲಿಕ್ ಮಾಡುವ ಮುಂಚೆ ನಾನು ಒಂದು ಮಾತು ಹೇಳುತ್ತಿದ್ದೆ: “ರೆಡೀ… ಅಲುಗಾಡಬೇಡಿ!” ಅದು ನಾಲಿಗೆಯಿಂದ ಇಳಿದು ಬೆರಳಿಗೆ ಸೇರಿಬಿಟ್ಟಿತ್ತು. ಮಾತು ಬಾರದೆ ಬೆರಳು ಒತ್ತುವುದಿಲ್ಲ, ಬೆರಳು ಒತ್ತುವಷ್ಟರಲ್ಲಿ ಹಕ್ಕಿ ಇರುವುದಿಲ್ಲ. ನನ್ನ ಕ್ಯಾಮೆರಾದ ತುಂಬ ಈಗಷ್ಟೇ ಹಕ್ಕಿ ಹಾರಿಹೋದ ಕೊಂಬೆಗಳು. ಬೆಳಕು ಚೆಂದ, ಚೌಕಟ್ಟು ಚೆಂದ, ಕೊಂಬೆ ಮಾತ್ರ ಖಾಲಿ!

ಮುಂದಿನ ವಾರ ಗ್ರಂಥಾಲಯದಲ್ಲಿ ಬಳಗದ ಪ್ರದರ್ಶನ. ಒಬ್ಬೊಬ್ಬ ಸದಸ್ಯನಿಂದ ಒಂದೊಂದು ಫೋಟೋ. ಕೊಡಲು ಕಡೆಯ ದಿನ ಅದೇ ಭಾನುವಾರ. ಬೆಳಿಗ್ಗೆ ಡಾಕ್ಟರ ಸಂದೇಶ ಬಂದಿತ್ತು. “ನಿಮ್ಮಿಂದ ಫೋಟೋ ಆಗದಿದ್ದರೆ ಬೇಸರ ಬೇಡ. ಕುರ್ಚಿ ಜೋಡಿಸುವ ಕೆಲಸವೂ ಇದೆ.”

ಕುರ್ಚಿ! ಮಂತ್ರಿಗಳಿಗೇ “ಸ್ವಲ್ಪ ಗಲ್ಲ ಎತ್ತಿ” ಅಂದವನಿಗೆ ಕುರ್ಚಿ ಜೋಡಿಸುವ ಕೆಲಸ! ಆ ಪ್ರತಿಜ್ಞೆ ಹುಟ್ಟಿದ್ದು ಅಲ್ಲಿಂದ.

ನಾನು ಬೂಟಿನ ದಾರ ಕಟ್ಟುತ್ತಿದ್ದಾಗ ಹೆಂಡತಿ ಚೀಲ ಹೆಗಲಿಗೇರಿಸಿ ಬಂದು ನಿಂತಳು.

“ನಾನೂ ಬರ್ತೀನಿ.”

“ನೀನಾ? ಎರಡು ಗಂಟೆ ನಡೀಬೇಕು ಕಣೇ. ಅಲ್ಲಿ ಮಾತಾಡೋ ಹಾಗಿಲ್ಲ.”

“ನೀವೇ ಸುಮ್ನಿರ್ತೀರಂತೆ, ನನಗೇನು ಕಷ್ಟ?”

ಕೆರೆಯ ಏರಿ ಮೇಲೆ ಬಳಗ ನೆರೆದಿತ್ತು. ನಮ್ಮಿಬ್ಬರನ್ನು ಬಿಟ್ಟು ಎಂಟು ಜನ. ಅವರಲ್ಲಿ ಡಾಕ್ಟರ ಬಲಗೈಯಂತಿದ್ದವರು ನಿವೃತ್ತ ಲೆಕ್ಕದ ಮೇಡಂ. ಎಲ್ಲರೂ ಹಕ್ಕಿಯ ಚೆಂದ ನೋಡಿದರೆ ಅವರು ಸಂಖ್ಯೆ ನೋಡುವವರು. “ಬೆಳ್ಳಕ್ಕಿ ಹದಿನೇಳು. ಒಂದು ಕುಂಟು” ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಹೋಗಿ ಹತ್ತು ನಿಮಿಷವಾಗಿಲ್ಲ, ಅದೃಷ್ಟ ನನ್ನ ಮೂಗಿನ ಮುಂದೆಯೇ ಬಂದು ಕೂತಿತು. ಮಿಂಚುಳ್ಳಿ! ನಾಲ್ಕು ಮಾರು ದೂರದ ಗೂಟದ ಮೇಲೆ, ಬಾಯಲ್ಲಿ ಮೀನು, ಬೆನ್ನ ಮೇಲೆ ಬಿಸಿಲು. ಎಲ್ಲರೂ ಉಸಿರು ಹಿಡಿದರು. ಡಾಕ್ಟರು ಉದಾರವಾಗಿ ಕೈಸನ್ನೆ ಮಾಡಿದರು, ಮೊದಲು ನೀವು ಎಂದು. ನಾನು ಮಂಡಿಯೂರಿದೆ. ಬೆಳಕು ಅಳೆದೆ. ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ. ಮನಸ್ಸಿನಲ್ಲೇ ‘ಹೇಳಬೇಡ, ಹೇಳಬೇಡ’ ಎಂದು ಜಪಿಸಿದೆ. ಬೆರಳು ಗುಂಡಿಯ ಮೇಲೆ ಬಂತು.

“ರೆಡೀ… ಅಲುಗಾಡಬೇಡಿ!”

ಮಿಂಚುಳ್ಳಿ ಅಲುಗಾಡಿತು. ಮೀನನ್ನು ಅಲ್ಲೇ ಬಿಟ್ಟು ಆಚೆ ದಡಕ್ಕೆ ಹೋಯಿತು. ಜೊತೆಗೆ ಹದಿನೇಳು ಬೆಳ್ಳಕ್ಕಿಯೂ ಎದ್ದವು. ಕುಂಟು ಕೂಡ!

“ಸೊನ್ನೆ” ಎಂದು ಮೇಡಂ ಬರೆದುಕೊಂಡರು.

ಡಾಕ್ಟರು ನನ್ನ ಕಡೆ ತಿರುಗಿದರು. “ಸ್ಟುಡಿಯೋ ಸಾರ್, ಅದು ಹಕ್ಕಿ. ಪಾಸ್‌ಪೋರ್ಟಿಗೆ ಬಂದಿರೋದಲ್ಲ.”

“ತಪ್ಪಾಯ್ತು ಡಾಕ್ಟ್ರೇ. ಅಭ್ಯಾಸಬಲ.”

ಮುಂದೆ ಮರಕುಟಿಗ ಸಿಕ್ಕಿತು. ಈ ಸಲ ನಾನು ‘ರೆಡಿ’ ಅನ್ನಲಿಲ್ಲ. ಕರ್ಚೀಫು ಬಾಯಿಗೆ ತುರುಕಿಕೊಂಡಿದ್ದೆ. ಆದರೆ ಹಕ್ಕಿಯ ಮುಖ ಕಾಂಡದ ನೆರಳಿಗಿತ್ತು. ಮುಖಕ್ಕೆ ಬೆಳಕು ಬೀಳದ ಫೋಟೋ ನಾನು ಜನ್ಮದಲ್ಲಿ ತೆಗೆದವನಲ್ಲ. ಸೀದಾ ಎದ್ದು ಹೋಗಿ ಅದು ಕೂತಿದ್ದ ಕೊಂಬೆಯನ್ನು ಒಂದಿಷ್ಟು ಈ ಕಡೆ ತಿರುಗಿಸಿದೆ!

ಆಮೇಲಿನ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಒಟ್ಟಿನಲ್ಲಿ ತೀರ್ಪು ಏನಾಯಿತೆಂದರೆ, ನಾನು ಎಲ್ಲರಿಗಿಂತ ಐವತ್ತು ಹೆಜ್ಜೆ ಹಿಂದೆ ಬರಬೇಕು. ಕ್ಯಾಮೆರಾ ಮೇಲೆತ್ತುವ ಮುಂಚೆ ಕೈ ಎತ್ತಿ ಅನುಮತಿ ಕೇಳಬೇಕು. ನನ್ನ ಸ್ಟುಡಿಯೋದಲ್ಲಿ ಅತ್ತು ರಂಪ ಮಾಡುವ ಮಕ್ಕಳನ್ನೂ ನಾನು ಹೀಗೆ ಹೊರಗೆ ಕೂರಿಸಿದವನಲ್ಲ.

ಕಲ್ಲಿನ ಮೇಲೆ ಕೂತೆ. ಸಿಟ್ಟು ಇಳಿದು ದುಃಖ ಬಂತು. ಕ್ಯಾಮೆರಾದ ಪಟ್ಟಿಯನ್ನು ಕೊರಳಿನಿಂದ ತೆಗೆದು ಸುತ್ತಿ ಮಡಚಿದೆ. “ಆಯ್ತು ಬಿಡು” ಅಂದೆ ಹೆಂಡತಿಗೆ. “ಮುಗೀತು. ಅಟ್ಟ ಒರೆಸಿಡು.”

ಅವಳು ನನ್ನ ಮುಖವನ್ನೇ ನೋಡಿದಳು. “ಇಲ್ಲೇ ಕೂತಿರಿ. ಕ್ಯಾಮೆರಾ ತೆಗೆದಿಡಬೇಡಿ. ಈಗ ಬಂದೆ” ಅಂದವಳು ಚೀಲ, ನೀರಿನ ಬಾಟಲಿ ಎರಡನ್ನೂ ಹಿಡಿದುಕೊಂಡು ಪೊದೆಗಳ ಹಿಂದೆ ಮರೆಯಾದಳು. ಹೆಂಗಸರು ಪೊದೆಯ ಹಿಂದೆ ಹೋದರೆ ಗಂಡಸು ಯಾಕೆ ಎಂದು ಕೇಳಬಾರದು. ನಾನು ಮರ್ಯಾದಸ್ಥ, ಕೇಳಲಿಲ್ಲ.

ಐದು ನಿಮಿಷವಾಗಿರಬಹುದು.

“ಕುಲುಲುಲು… ಕುಲುಲುಲು… ಪೀ!”

ಮುಂದೆ ಹೋಗಿದ್ದ ಬಳಗ ಇದ್ದಲ್ಲೇ ಕಂಬವಾಯಿತು. ಡಾಕ್ಟರು ಒಂದು ಕಾಲು ಮೇಲೆತ್ತಿದ್ದರು, ಅದನ್ನು ಕೆಳಗಿಡಲು ಮರೆತರು.

“ಕುಲುಲುಲುಲು!”

“ಈ ದನಿ!” ಡಾಕ್ಟರು ಪಿಸುಗುಟ್ಟಿದರು. “ಈ ದನಿ ನಾನು ಎಲ್ಲೋ ಕೇಳಿದ್ದೀನಿ! ಈ ಕೆರೇಲಿ ಇಪ್ಪತ್ತು ವರ್ಷದಿಂದ ಯಾರೂ ಕೇಳಿಲ್ಲ!” ಜೇಬಿನಿಂದ ಹಕ್ಕಿಗಳ ಪುಸ್ತಕ ತೆಗೆದು ಪುಟ ತಿರುಗಿಸಿದರು. ಸಾವಿರಾರು ಹಲ್ಲು ಕಿತ್ತ ಕೈಗೆ ಒಂದು ಪುಟ ಸಿಗಲೊಲ್ಲದು! ಕಡೆಗೆ ಒಂದು ಹೆಸರು ಹೇಳಿದರು. ಅದು ಎಷ್ಟು ಉದ್ದವಿತ್ತೆಂದರೆ ಅಷ್ಟು ಉದ್ದದ ಹೆಸರಿನ ಹಕ್ಕಿ ಪೊದೆಯಲ್ಲಿ ಹಿಡಿಸುವುದು ಹೇಗೆಂದು ನನಗೆ ಚಿಂತೆಯಾಯಿತು. “ವಲಸೆ ಹಕ್ಕಿ! ದಾರಿ ತಪ್ಪಿ ಬಂದಿರೋದು!”

“ಒಂದು” ಎಂದು ಮೇಡಂ ಬರೆದುಕೊಂಡು ಅಡಿಗೆರೆ ಎಳೆದರು.

ಅಷ್ಟಕ್ಕೇ ಬಿಟ್ಟಿದ್ದರೆ ಪುಣ್ಯವಿರುತ್ತಿತ್ತು. ಕೆರೆಯ ಆಚೆ ದಡದಲ್ಲಿ ಇನ್ನೊಂದು ಬಳಗವಿದೆ, ನಮಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಡಾಕ್ಟರು ಹೊಟ್ಟೆ ಉರಿಸಲೆಂದೇ ಅವರ ಅಧ್ಯಕ್ಷರಿಗೆ ಫೋನು ಮಾಡಿದರು. ಹೊಟ್ಟೆ ಉರಿದವರು ಮನೆಯಲ್ಲಿ ಕೂರುತ್ತಾರೆಯೇ? ಕಾಲು ಗಂಟೆಯಲ್ಲಿ ಎರಡು ಕಾರು ಬಂದು ನಿಂತವು. ಎಂಟಿದ್ದವರು ಹದಿನಾರಾದರು. ಹದಿನಾರು ಜನ ಸುಶಿಕ್ಷಿತರು ಹೊಟ್ಟೆಯ ಮೇಲೆ ಮಲಗಿ ಪೊದೆಯ ಕಡೆ ತೆವಳತೊಡಗಿದರು. ಪೊದೆಯ ಸುತ್ತ ಸರಸರ ಸದ್ದು ಹೆಚ್ಚಿದಷ್ಟೂ ಒಳಗಿನ ಕುಲುಲು ಜೋರಾಯಿತು. ಕುಲುಲು ಜೋರಾದಷ್ಟೂ ಇವರ ತೆವಳಿಕೆ ಜೋರಾಯಿತು!

ನಾನೂ ಕಡೆಯ ಸಾಲಿನಲ್ಲಿ ತೆವಳುತ್ತಿದ್ದೆ. ಮತ್ತೊಮ್ಮೆ ಆ ದನಿ ಎದ್ದಾಗ ನಾನು ಕತ್ತೆತ್ತಿದೆ. ಡಾಕ್ಟರಿಗೆ ಎಲ್ಲೋ ಕೇಳಿದ ದನಿ. ನನಗೆ ಮೂವತ್ತೊಂದು ವರ್ಷ ಬೆನ್ನ ಹಿಂದೆಯೇ ಕೇಳಿದ ದನಿ!

ಅದು ನಮ್ಮ ಸ್ಟುಡಿಯೋದ ಪೀಪಿ. ಹಕ್ಕಿ ಆಕಾರದ ಹಸಿರು ಪ್ಲಾಸ್ಟಿಕ್ ಪೀಪಿ. ಹೊಟ್ಟೆಗೆ ಒಂದಿಷ್ಟು ನೀರು ಹಾಕಿ ಬಾಲದಲ್ಲಿ ಊದಿದರೆ ಕುಲುಲು ಎನ್ನುತ್ತದೆ. ಅಳುವ ಮಗು ಸ್ಟೂಲಿನ ಮೇಲೆ ಕೂತಾಗ ಹೆಂಡತಿ ನನ್ನ ಬೆನ್ನ ಹಿಂದೆ ನಿಂತು ಅದನ್ನು ಊದುತ್ತಿದ್ದಳು. ಮಗು ಅಳು ನಿಲ್ಲಿಸಿ, ಬಾಯಿ ತೆರೆದು, ಎಲ್ಲಿಂದ ಬಂತು ಎಂದು ನೋಡುತ್ತಿತ್ತು. ಅದೇ ಕ್ಷಣ ನನ್ನದು. ಊರಿನವರ ಮನೆಮನೆಯ ಆಲ್ಬಮ್ಮಿನಲ್ಲಿ ಕಣ್ಣರಳಿಸಿ ಕೂತಿರುವ ಮಕ್ಕಳೆಲ್ಲ ನೋಡುತ್ತಿರುವುದು ನನ್ನ ಕ್ಯಾಮೆರಾವನ್ನಲ್ಲ, ಅವಳನ್ನು.

ನಾನು ಬಳಸಿಕೊಂಡು ಪೊದೆಯ ಹಿಂಬದಿಗೆ ಓಡಿದೆ. ಅಲ್ಲಿ ಕೂತಿದ್ದಳು. ಮಣ್ಣಿನ ಮೇಲೆ ಕಾಲು ಮಡಚಿಕೊಂಡು, ಎರಡೂ ಕೆನ್ನೆ ಉಬ್ಬಿಸಿ, ಹುಬ್ಬು ಮೇಲೇರಿಸಿ, ತಲೆಗೂದಲಲ್ಲಿ ಎರಡು ಒಣ ಎಲೆ ಸಿಕ್ಕಿಸಿಕೊಂಡು ಪ್ರಾಣ ಹೋಗುವಂತೆ ಊದುತ್ತಿದ್ದಳು. ಎಲೆಗಳ ಸಂದಿನಿಂದ ಇಳಿಬಿಸಿಲು ಬಂದು ಅವಳ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಅಂಥ ಬೆಳಕನ್ನು ನಾನು ಯಾವ ದೀಪದಿಂದಲೂ ಮಾಡಿದವನಲ್ಲ.

ಕ್ಲಿಕ್!

ಮಾತು ಬರಲಿಲ್ಲ ಸ್ವಾಮಿ! ‘ರೆಡಿ’ ಬರಲಿಲ್ಲ, ‘ಅಲುಗಾಡಬೇಡಿ’ ಬರಲಿಲ್ಲ. ಬೆರಳು ತಾನಾಗಿ ಒತ್ತಿತ್ತು.

ಸದ್ದಿಗೆ ಅವಳು ತಿರುಗಿದಳು. ನಾನು ಪಕ್ಕದಲ್ಲಿ ಕುಕ್ಕರಿಸಿದೆ.

“ಏನೇ ಇದು?”

“ಶ್! ಸುಮ್ನಿರಿ. ಬರ್ತಿವೆ. ಎಷ್ಟು ಸದ್ದು ಕೇಳಿಸ್ತಿದೆ ನೋಡಿ, ಹತ್ತು ಹದಿನೈದಾದ್ರೂ ಇರಬೇಕು.”

“ಹದಿನಾರು!”

“ನೋಡಿದ್ರಾ? ಯಾವ ಹಕ್ಕಿ?”

“ಒಂದು ಹಲ್ಲಿನ ಡಾಕ್ಟರು! ಒಂದು ಲೆಕ್ಕದ ಮೇಡಂ! ಅರ್ಧಕ್ಕರ್ಧ ಆಚೆ ದಡದಿಂದ ಬಂದೋರು! ನಿನ್ನನ್ನ ವಲಸೆ ಹಕ್ಕಿ ಅಂತ ಬರ್ಕೊಂಡಿದ್ದಾರೆ ಕಣೇ!”

ಅವಳು ಪೀಪಿ ಕೆಳಗಿಳಿಸಿದಳು. ಮುಖದಲ್ಲಿ ನಗುವಿರಲಿಲ್ಲ.

“ನನಗೇನು ಗೊತ್ತು? ಇದನ್ನ ಊದಿದ್ರೆ ಒಂದಾದ್ರೂ ಹತ್ತಿರ ಬರುತ್ತೆ, ನೀವು ತೆಗೀತೀರಾ ಅಂದ್ಕೊಂಡೆ. ಸ್ಟುಡಿಯೋಗೆ ಬೀಗ ಹಾಕಿದ ದಿನ ನಿಮ್ಮ ಮುಖ ನೋಡಿದೀನಿ ರೀ. ಇನ್ನೊಂದು ಸಲ ಅದನ್ನ ನೋಡೋಕೆ ನನ್ನ ಕೈಲಾಗಲ್ಲ.”

ನಾನು ಅವಳ ತಲೆಯಿಂದ ಎಲೆ ತೆಗೆಯಲು ಕೈ ಚಾಚಿದೆ. ಅಷ್ಟರಲ್ಲಿ ಪೊದೆ ಎರಡಾಗಿ ಬಿರಿದು ಡಾಕ್ಟರ ತಲೆ ಹೊರಬಂತು. ಹಣೆಗೆ ಮಣ್ಣು, ಮೂಗಿಗೆ ಜೇಡರ ಬಲೆ. ಹೆಂಡತಿ ಪೀಪಿಯನ್ನು ಚೀಲಕ್ಕೆ ಸೇರಿಸಿದ್ದಳು.

“ಇಲ್ಲಿಂದಲೇ ಬಂತು! ಅಮ್ಮಾ, ನೀವು ನೋಡಿದ್ರಾ?”

“ಕೇಳಿಸ್ತು ಡಾಕ್ಟ್ರೇ. ತುಂಬಾ ಹತ್ತಿರದಲ್ಲೇ ಇತ್ತು.”

ಎಂಥ ಹೆಂಗಸು! ಒಂದು ಸುಳ್ಳಿಲ್ಲ! ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಡಾಕ್ಟರ ಕಣ್ಣು ನನ್ನ ಕ್ಯಾಮೆರಾ ಮೇಲೆ ಬಿತ್ತು.

“ಸ್ಟುಡಿಯೋ ಸಾರ್! ನಿಮಗೆ ಫೋಟೋ ಸಿಕ್ತಾ?”

ಮೂರು ತಿಂಗಳಿಂದ ಈ ಪ್ರಶ್ನೆಗೆ ‘ಇಲ್ಲ’ ಅಂದು ಅಂದು ನನ್ನ ನಾಲಿಗೆ ಸವೆದಿತ್ತು. ಹದಿನಾರು ಜನ ನನ್ನ ಸುತ್ತ ನೆರೆದಿದ್ದರು. ಎಲ್ಲರ ಕಣ್ಣಲ್ಲೂ ಆಸೆ. ಹಾಳು ಅಹಂಕಾರ, ತಡೆಯುವ ಮುಂಚೆ ಬಾಯಿಂದ ಜಾರಿತು.

“ಸಿಕ್ತು!”

ಡಾಕ್ಟರು ಕ್ಯಾಮೆರಾ ಕಸಿದುಕೊಂಡು ಗುಂಡಿ ಒತ್ತಿದರು. ಪರದೆಯ ಮೇಲೆ ಹದಿನಾರು ತಲೆಗಳು ಬಾಗಿದವು.

“ಹೆಣ್ಣು” ಎಂದರು ಮೇಡಂ, ಕನ್ನಡಕ ಸರಿಪಡಿಸಿಕೊಂಡು. “ಒಂದು.”

ಆಚೆ ದಡದ ಅಧ್ಯಕ್ಷರು ಮೊದಲು ನಕ್ಕರು. ಆಮೇಲೆ ಅವರ ಬಳಗ ನಕ್ಕಿತು, ಆಮೇಲೆ ನಮ್ಮ ಬಳಗವೂ. ನಗದೆ ನಿಂತವರು ಡಾಕ್ಟರು ಒಬ್ಬರೇ. ಪುಸ್ತಕ ಮುಚ್ಚಿ ಜೇಬಿಗಿಟ್ಟುಕೊಂಡರು. ಅವರ ಮುಖ ನೋಡಿ ನನಗೆ ಕಸಿವಿಸಿಯಾಯಿತು. ಬೀಗ ಹಾಕಿದ ದಿನ ನನ್ನ ಮುಖ ಹೀಗೇ ಇದ್ದಿರಬೇಕು.

ಹೆಂಡತಿ ಎದ್ದು ಬಂದು ಪೀಪಿಯನ್ನು ಅವರ ಕೈಗೆ ಕೊಟ್ಟಳು. “ತಪ್ಪು ನನ್ನದು ಡಾಕ್ಟ್ರೇ. ಇದು ಸ್ಟುಡಿಯೋಲಿ ಮಕ್ಕಳಿಗೆ ಊದ್ತಿದ್ದ ಪೀಪಿ.”

ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೆಲ್ಲಗೆ ಬಾಯಿಗಿಟ್ಟು ಊದಿದರು. ಕುಲುಲುಲು! ಅವರ ಹುಬ್ಬು ಮೇಲೇರಿತು.

“ಅಯ್ಯೋ! ನನ್ನ ಮಗಳ ಮೊದಲನೇ ಹುಟ್ಟುಹಬ್ಬ! ಅತ್ತೂ ಅತ್ತೂ ಸಾಕು ಮಾಡಿದ್ದಳು. ಆವತ್ತು ಊದಿದ್ದು ನೀವೇ ಅಲ್ವಾ ಅಮ್ಮಾ? ಎಲ್ಲೋ ಕೇಳಿದ್ದೀನಿ, ಎಲ್ಲೋ ಕೇಳಿದ್ದೀನಿ ಅಂತ ಆಗಿಂದ ತಲೆ ಕೆರ್ಕೊಳ್ತಿದ್ದೀನಿ! ಆ ಫೋಟೋ ಈಗಲೂ ನನ್ನ ಕ್ಲಿನಿಕ್ಕಿನ ಮೇಜಿನ ಮೇಲಿದೆ!”

ಅವರು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಕ್ಯಾಮೆರಾ ನನ್ನ ಕೈಗಿಟ್ಟು, “ಸಂಜೆ ಇದರ ಪ್ರಿಂಟ್ ತಂದುಕೊಡಿ. ಪ್ರದರ್ಶನಕ್ಕೆ ಇದನ್ನೇ ಹಾಕೋಣ” ಎಂದರು.

ಹಾಕಿಯೇ ಬಿಟ್ಟರು! ಗ್ರಂಥಾಲಯದ ಗೋಡೆಯ ಮೇಲೆ ಮಿಂಚುಳ್ಳಿ, ಗರುಡ, ಬೆಳ್ಳಕ್ಕಿಗಳ ಸಾಲಿನ ನಡುವೆ ಕೆನ್ನೆ ಉಬ್ಬಿಸಿದ ನನ್ನ ಹೆಂಡತಿ. ಎಲ್ಲ ಹಕ್ಕಿಗಳ ಕೆಳಗೂ ಇದ್ದ ಹಾಗೆ ಅವಳ ಕೆಳಗೂ ಡಾಕ್ಟರು ಒಂದು ಚೀಟಿ ಅಂಟಿಸಿದ್ದರು:

“ಅಪರೂಪ. ಪೊದೆಗಳಲ್ಲಿ ವಾಸ. ಜೋಡಿಗಾಗಿ ಕೂಗುತ್ತದೆ. ಹೆಣ್ಣು ಬುದ್ಧಿವಂತೆ. ಗಂಡು ವಿಪರೀತ ಸದ್ದು ಮಾಡುವುದರಿಂದ ಬೇರೆ ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ.”

ಜನ ಮಿಂಚುಳ್ಳಿಯನ್ನು ದಾಟಿ ಬಂದು ಇದರ ಮುಂದೆ ನಿಲ್ಲುತ್ತಿದ್ದರು. ಯಾರೋ ಹೆಂಗಸು ತನ್ನ ಮಗನ ಮದುವೆಗೆ ಬಂದು ಇಂಥದೇ ಫೋಟೋ ತೆಗೆದುಕೊಡುತ್ತೀರಾ ಎಂದು ಕೇಳಿದಳು. ಎರಡು ವರ್ಷದ ಮೇಲೆ ಒಬ್ಬರು ನನ್ನನ್ನು ಫೋಟೋ ತೆಗೆಯಲು ಕರೆದಿದ್ದರು! ನನ್ನ ಎದೆ ಉಬ್ಬಿತು. ಜಂಬದಿಂದ ಹೆಂಡತಿಯ ಪಕ್ಕದಲ್ಲಿ ಹೋಗಿ ನಿಂತೆ.

“ನೋಡಿದೆಯಾ ನಿನ್ನ ಫೋಟೋ? ತೆಗೆದರೆ ಹೀಗೆ ತೆಗೀಬೇಕು!”

“ಚೆನ್ನಾಗಿದೆ” ಅಂದಳು. “ಮೊದಲನೇ ಸಲಕ್ಕೆ ಪರವಾಗಿಲ್ಲ.”

“ಮೊದಲನೇ ಸಲಾನಾ? ಏನು ಹಾಗಂದ್ರೆ?”

“ನೀವು ನನ್ನ ಫೋಟೋ ತೆಗೆದಿರೋದು ಇದೇ ಮೊದಲು.”

“ಹುಚ್ಚಿ! ನಮ್ಮ ಮದುವೆ ಫೋಟೋ?”

“ಮದುಮಗ ತಾನೇ ತೆಗೀತಾನಾ? ನಿಮಗೆ ಕೆಲಸ ಕಲಿಸಿದ ಗುರುಗಳು ತೆಗೆದಿದ್ದು.”

“ಮಗಳ ಜೊತೆ ಇರೋದು?”

“ಅದರಲ್ಲಿರೋದು ನನ್ನ ಕೈ. ಮಗು ಬೀಳದ ಹಾಗೆ ಹಿಡ್ಕೊಂಡಿದ್ದೆ.”

ನಾನು ಯೋಚಿಸಿದೆ. ಇನ್ನೂ ಯೋಚಿಸಿದೆ. ಇಡೀ ಊರನ್ನು ಕೂರಿಸಿ ನಿಲ್ಲಿಸಿ ತೆಗೆದವನು ನಾನು! ಕಡೆಗೆ ಒಂದು ಹೊಳೆಯಿತು.

“ಹಾಂ! ನಿನ್ನ ಗುರುತಿನ ಚೀಟಿಯ ಫೋಟೋ! ಅದು ಯಾರು ತೆಗೆದಿದ್ದು ಮತ್ತೆ?”

“ಅದು ಮಾರ್ಕೆಟ್ ಹತ್ತಿರದ ಸ್ಟುಡಿಯೋದೋರು.”

“ಅವರಾ!” ನಾನು ಕೂಗಿದೆ. ಗ್ರಂಥಾಲಯವೆಲ್ಲ ತಿರುಗಿ ನೋಡಿತು. ನನ್ನ ಗಿರಾಕಿಗಳನ್ನೆಲ್ಲ ಕದ್ದ ಸ್ಟುಡಿಯೋ ಅದು! “ನನ್ನ ಹೆಂಡತಿಯಾಗಿ ನೀನು ಅಲ್ಲಿಗೆ ಹೋದೆಯಾ?”

“ನಿಮ್ಮನ್ನ ಮೂರು ದಿನ ಕೇಳಿದೆ. ‘ಗಿರಾಕಿಗಳು ಕಾಯ್ತಿದ್ದಾರೆ, ನಾಳೆ ನೋಡೋಣ’ ಅಂದ್ರಿ. ಸರಿ, ನಾನೂ ಗಿರಾಕಿ ಆಗೋಣ ಅಂತ ಹೋದೆ.”

ಆದರೂ ಕಸುಬಿನ ಕುತೂಹಲ ಬಿಡಬೇಕಲ್ಲ. ಮೆಲ್ಲಗೆ ಕೇಳಿದೆ. “ಚೆನ್ನಾಗಿ ತೆಗೆದಿದ್ದನಾ?”

“ತುಂಬಾ ಚೆನ್ನಾಗಿ ಬಂದಿತ್ತು. ದೊಡ್ಡದು ಮಾಡಿಸಿ ಎರಡು ವರ್ಷ ಅವರ ಗಾಜಿನ ಶೋಕೇಸಿನಲ್ಲಿ ಇಟ್ಟಿದ್ರು. ನೀವು ದಿನಾ ಬೆಳಿಗ್ಗೆ ಅದರ ಮುಂದೆಯೇ ಮುಖ ತಿರುಗಿಸಿಕೊಂಡು ಹೋಗ್ತಿದ್ರಿ.”